ಆ ಸಹಿ ಯಾರದು?

ಪ್ರತಿ ವರ್ಷ ಜುಲೈ ಹೊತ್ತಿಗೆ ಅಮೆರಿಕದ ಯಾವುದಾದರೊಂದು ರಾಷ್ಟ್ರೀಯ ಅರಣ್ಯದಲ್ಲಿ ಸಾವಿರಾರು ಜನ ಬಿಡಾರ ಹೂಡುತ್ತಾರೆ. 1972ರಲ್ಲಿ ಕೊಲರಾಡೋದಲ್ಲಿ ಶುರುವಾದ ಈ ಕೂಟದ ಹೆಸರು ರೇನ್‌ಬೋ ಗ್ಯಾದರಿಂಗ್. ಟಿಕೆಟ್ ಇಲ್ಲ, ಊಟಕ್ಕೆ ದುಡ್ಡಿಲ್ಲ, ನಾಯಕರಿಲ್ಲ. ಒಂದು ಟೋಪಿ ಸುತ್ತು ಬರುತ್ತದೆ, ಇದ್ದವರು ಹಾಕುತ್ತಾರೆ.

75 ಜನ ಅಥವಾ ಹೆಚ್ಚು ಸೇರುವುದಾದರೆ ಅರಣ್ಯ ಇಲಾಖೆಯ ಅನುಮತಿಪತ್ರಕ್ಕೆ ಯಾರಾದರೂ ಸಹಿ ಹಾಕಬೇಕು. ಇವರು ಒಪ್ಪುವುದಿಲ್ಲ. ಎಲ್ಲರ ಪರವಾಗಿ ಸಹಿ ಹಾಕಿದವನು ನಾಯಕನಾಗಿಬಿಡುತ್ತಾನೆ ಎಂಬುದು ವಾದ. ನನಗೆ ಈ ವಾದ ಬಹಳ ಇಷ್ಟ. ಸಹಿಗಾಗಿ ಕಾಯುವುದರಲ್ಲೇ ವರ್ಷ ಕಳೆಯುವ ಸಂಶೋಧನಾ ವಿದ್ಯಾರ್ಥಿಗೆ ಇಷ್ಟವಾಗದೆ ಇದ್ದೀತೇ!

ಆದರೆ 1987ರಲ್ಲಿ ನಾರ್ತ್ ಕೆರೊಲಿನಾದ ಕೂಟದಲ್ಲಿ ಶಿಗೆಲ್ಲಾ ಭೇದಿ ಹಬ್ಬಿತು. ಊರಿಗೆ ಮರಳಿದವರ ಜೊತೆ ಬೇರೆ ರಾಜ್ಯಗಳಿಗೂ ಹೋಯಿತು. ಆ ಕಾಡಿಗೆ ಕಾಲಿಡದವರಿಗೂ ತಗುಲಿತು. ಅವರು ಯಾರನ್ನು ಕೇಳಬೇಕಿತ್ತು?

ಅಲ್ಲಿ ಪಾಯಿಖಾನೆಗೆ ಗುಂಡಿ ತೋಡುವವರಿದ್ದಾರೆ, ಎಲ್ಲರೂ ಹೋದ ಮೇಲೆ ಉಳಿದು ಕಸ ಆಯುವವರಿದ್ದಾರೆ. ಆ ದುಡಿಮೆ ಯಾವ ಸಹಿಗಿಂತಲೂ ದೊಡ್ಡದು, ನಿಜ. ಆದರೂ ಅದು ಒಳಗಿನವರು ಒಳಗಿನವರಿಗೆ ಮಾಡುವ ಉಪಕಾರ. ಒಳಗಿನವರಿಗೆ ಪರಸ್ಪರರ ಮುಖ ಗೊತ್ತು; ಹೊರಗಿನವನಿಗೆ ಹಿಡಿದು ಕೇಳಲು ಒಂದು ಹೆಸರು ಬೇಕು. ಆ ಹೆಸರಿಗೆ ಅಧಿಕಾರ ಇರಲೇಬೇಕೆಂದಿಲ್ಲ. ಚೀಟಿ ಎತ್ತಿ ವರ್ಷಕ್ಕೊಬ್ಬರು ಹೊರಬಹುದಾದ ಸರದಿ ಅದು.

ಹೆಸರು ಕೊಡದಿದ್ದರೆ ಸರಕಾರವೇ ಆರಿಸಿಕೊಳ್ಳುತ್ತದೆ. 1999ರ ಪೆನ್ಸಿಲ್ವೇನಿಯಾ ಕೂಟದ ನಂತರ, ಅಷ್ಟು ಸಾವಿರ ಜನರಲ್ಲಿ ಅನುಮತಿಯಿಲ್ಲದೆ ಸೇರಿದ ತಪ್ಪಿಗೆ ನ್ಯಾಯಾಲಯ ಅಪರಾಧಿಗಳೆಂದದ್ದು ಮೂವರನ್ನು.