ಬದುಕುಳಿದವುಗಳ ಲೆಕ್ಕ

ಡಾಫ್ನಿಯಾದ ಎದೆಬಡಿತ ನೋಡಲು ಅದನ್ನು ಕೊಯ್ಯಬೇಕಿಲ್ಲ. ಎಳ್ಳಿನಷ್ಟು ಗಾತ್ರದ ಈ ಸಿಹಿನೀರಿನ ಜೀವಿಯ ಮೈ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಿಡಿಯುವ ಹೃದಯ, ಪಾಚಿ ತುಂಬಿದ ಹಸಿರು ಕರುಳು, ಬೆನ್ನಿನ ಚೀಲದಲ್ಲಿ ಮಿಸುಕುವ ಮರಿಗಳು ಎಲ್ಲ ಕಾಣುತ್ತವೆ. 2011ರಲ್ಲಿ ಇದರ ಒಂದು ಪ್ರಭೇದದ ಜೀನುಗಳನ್ನು ಎಣಿಸಿದಾಗ ಸುಮಾರು 31,000 ಎಂಬ ಅಂದಾಜು ಬಂತು. ಮನುಷ್ಯನಲ್ಲಿ ಅಷ್ಟಿಲ್ಲ!

ವಿಷ ಪರೀಕ್ಷೆಗೆ ಪ್ರಯೋಗಾಲಯಗಳು ಮೆಚ್ಚಿಕೊಂಡದ್ದು ಇದನ್ನೇ. ಹುಟ್ಟಿ ಒಂದು ದಿನವೂ ತುಂಬದ ಮರಿಗಳನ್ನು ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಿಗೆ ಬಿಡುತ್ತಾರೆ. 48 ಗಂಟೆಯ ಬಳಿಕ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡು ಕಾದು, ಈಜದವುಗಳನ್ನು ಎಣಿಸುತ್ತಾರೆ.

ಡಿಎನ್‌ಎಯನ್ನೇ ತಿದ್ದುವ ಮ್ಯುಟಜನ್ ಆದರೆ ಲೆಕ್ಕ ಅಲ್ಲಿಗೆ ಮುಗಿಯದು. ಹೊಸ ತಳಿಗಾಗಿ ಬೀಜ ನೆನೆಸಲು ಬಳಸುವ ಈಥೈಲ್ ಮೀಥೇನ್ ಸಲ್ಫೊನೇಟ್ ಅಂಥದ್ದು. ಅದು ಗ್ವಾನಿನ್‌ಗೆ ಅಂಟಿದರೆ, ಮುಂದಿನ ನಕಲಿನಲ್ಲಿ ಸೈಟೋಸಿನ್ ಕೂರಬೇಕಾದಲ್ಲಿ ಥೈಮಿನ್ ಬಂದು ಕೂರಬಹುದು. ಮರಿ ಮಾತ್ರ ಏನೂ ಆಗಿಲ್ಲವೆಂಬಂತೆ ಈಜುತ್ತಿರುತ್ತದೆ. ದೊಡ್ಡದಾಗಿ, ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನು ಹೆರುತ್ತದೆ. ಅಂಡದಲ್ಲಿ ಆದ ತಪ್ಪು ದುರಸ್ತಿಯಾಗದೆ ಉಳಿದಿದ್ದರೆ ಮಗಳಿಗೂ ಮೊಮ್ಮಗಳಿಗೂ ದಾಟುತ್ತದೆ. ಸತ್ತವು ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತವೆ. ನನಗೆ ಸೋಜಿಗವೆಲ್ಲ ಉಳಿದವುಗಳದ್ದೇ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋದಾಗಲೆಲ್ಲ ಈ ಉಳಿದವುಗಳ ಯೋಚನೆ ತಲೆಯಲ್ಲಿ ಸುತ್ತುತ್ತದೆ. ಅಲ್ಲಿನ ಚಿನ್ನದ ಗಣಿ ನಿಂತದ್ದು 2001ರ ಫೆಬ್ರವರಿಯಲ್ಲಿ. ಅರೆದ ಕಲ್ಲಿನ ಪುಡಿ ಮಾತ್ರ ಬೂದು ಗುಡ್ಡಗಳಾಗಿ ನಿಂತಿದೆ. ಚಿನ್ನ ತೆಗೆಯಲು ಸೈನೈಡ್ ಬಳಸಿದ್ದರಿಂದ ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬ. ಸೈನೈಡ್ ಮ್ಯುಟಜನ್ ಅಲ್ಲ. ಅದು ಜೀವಕೋಶದ ಉಸಿರನ್ನೇ ಕಟ್ಟುವ, ಅವಸರದ ವಿಷ. ಬಿಸಿಲು ಗಾಳಿಗೆ ಕ್ರಮೇಣ ಒಡೆದುಹೋಗುತ್ತದೆ ಕೂಡ. ಗಣಿಪುಡಿಯ ಲೋಹಗಳು ಹಾಗೆ ಒಡೆಯುವಂಥವಲ್ಲ. ಹೆಸರು ಹೊತ್ತದ್ದು ಒಂದು, ಉಳಿಯುವುದು ಇನ್ನೊಂದು. ಮಳೆಗೆ ದಿಬ್ಬದಿಂದ ಕೊಚ್ಚಿಬರುವ ನೀರು ಹೊಂಡದ ಸಣ್ಣ ಜೀವಿಗಳಿಗೆ ಏನು ಮಾಡುತ್ತದೆಂದು ಕೇಳಬೇಕಾದರೆ 48 ಗಂಟೆ ಸಾಲದು, ತಲೆಮಾರುಗಳು ಬೇಕು.

ಆ ತಲೆಮಾರುಗಳನ್ನು ಡಾಫ್ನಿಯಾವೇ ಕೂಡಿಡುತ್ತದೆ. ಕಾಲ ಕೆಟ್ಟಾಗ ಗಂಡುಗಳು ಹುಟ್ಟುತ್ತವೆ. ಕೂಡಿ ಆದ ಮೊಟ್ಟೆಗಳು ಗಟ್ಟಿ ಕವಚದೊಳಗೆ ಕೆಸರಿಗಿಳಿದು ದಶಕಗಳ ಕಾಲ ಮಲಗಬಲ್ಲವು. ಯುರೋಪಿನ ಕಾನ್‌ಸ್ಟನ್ಸ್ ಸರೋವರದ ಹೂಳಿನ ಪದರಗಳಿಂದ ಇಂಥ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿದರು. ವಿಷದ ಪಾಚಿ ಹೆಚ್ಚಿದ ಬಳಿಕ ಹುಟ್ಟಿದ ವಂಶಗಳು ಅದನ್ನು ತಾಳಿಕೊಳ್ಳಲು ಕಲಿತದ್ದು ಗೊತ್ತಾಯಿತು. 1999ರಲ್ಲಿ ಅದು ಪ್ರಕಟವೂ ಆಯಿತು. ಕೋಲಾರ ಸೀಮೆಯ ಕೆರೆಗಳ ಹೂಳಲ್ಲೂ ಗಣಿ ನಡೆಯುತ್ತಿದ್ದ ಕಾಲದ ಮೊಟ್ಟೆಗಳು ಇದ್ದಾವು. ಹೂಳೆತ್ತುವ ಜೆಸಿಬಿಗೆ ಪದರ ನೋಡುವ ಪುರುಸೊತ್ತೆಲ್ಲಿ?