ಯಾವ ಮರದ ಕೆಳಗೆ?



“ಸಂಶೋಧನೆಯಿಂದ ತಿಳಿದುಬಂದಿದೆ” ಎಂಬ ಮಾತಿಲ್ಲದ ದಿನಪತ್ರಿಕೆ ಇಂದು ಅಪರೂಪ. ಮೊಟ್ಟೆ ಹೃದಯಕ್ಕೆ ಕೇಡು ಎಂದು ಒಂದು ದಿನ ಓದುತ್ತೇವೆ. ಕೇಡಿಲ್ಲ ಎಂದು ಇನ್ನೊಂದು ದಿನ. ಕೊನೆಗೆ ನಮ್ಮಲ್ಲಿ ಕೆಲವರು ಓದಿದ್ದನ್ನೆಲ್ಲ ನಂಬುತ್ತಾರೆ. ಕೆಲವರು ಎಲ್ಲವೂ ಸುಳ್ಳೆಂದು ತಳ್ಳಿಹಾಕುತ್ತಾರೆ. ಎರಡೂ ಸುಲಭದ ದಾರಿಗಳೇ. ಎರಡರಲ್ಲೂ ವಿಚಾರಿಸುವ ಶ್ರಮವಿಲ್ಲ.

ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಸುಸನ್ನಳ ವೃತ್ತಾಂತವಿದೆ. ಅವಳು ತೋಟದಲ್ಲಿ ಪರಪುರುಷನೊಡನೆ ಇದ್ದಳೆಂದು ಇಬ್ಬರು ಹಿರಿಯರು ಸಾಕ್ಷಿ ಹೇಳಿದರು. ಅವರು ವಯಸ್ಸಾದವರು, ನ್ಯಾಯಾಧೀಶರು. ಆದ್ದರಿಂದ ಜನರು ಮರುಮಾತಿಲ್ಲದೆ ನಂಬಿ ಅವಳಿಗೆ ಮರಣದಂಡನೆ ವಿಧಿಸಿದರು. ಆಗ ಯುವಕ ದಾನಿಯೇಲನು ಆ ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದನು: ಅವರನ್ನು ಕಂಡದ್ದು ಯಾವ ಮರದ ಕೆಳಗೆ? ಒಬ್ಬನು ಒಂದು ಮರದ ಹೆಸರು ಹೇಳಿದನು, ಮತ್ತೊಬ್ಬನು ಬೇರೊಂದರ ಹೆಸರು ಹೇಳಿದನು. ನಿರಪರಾಧಿಯ ಜೀವ ಉಳಿಯಿತು. ಹಿರಿಯರೆಲ್ಲ ಸುಳ್ಳರೆಂದು ದಾನಿಯೇಲನು ಹೇಳಲಿಲ್ಲ, ಸಾಕ್ಷಿಯೇ ಬೇಡವೆನ್ನಲೂ ಇಲ್ಲ. ಸಾಕ್ಷಿಯನ್ನು ಒರೆಗೆ ಹಚ್ಚಿದನು.

ಕಿತ್ತೂರು, ಸವದತ್ತಿ ಕಡೆಯಿಂದ ಬೈಲಹೊಂಗಲದ ಪೇಟೆಗೆ ಹತ್ತಿ ತಂದವರಿಗೆ ಈ ಬುದ್ಧಿ ಹೊಸದಲ್ಲ. ಅಂಡಿಗೆಯ ಮೇಲೆ ಕಾಣುವ ಹತ್ತಿಯನ್ನಷ್ಟೇ ನೋಡಿ ಜಾಣ ವ್ಯಾಪಾರಿ ದರ ಹೇಳುವುದಿಲ್ಲ. ಒಳಗೆ ಕೈಹಾಕಿ, ಹಿಡಿ ಹತ್ತಿ ಹೊರತೆಗೆದು, ಎಳೆ ಎಳೆದು ನೋಡುತ್ತಾನೆ. ಹತ್ತಿಗೆ ತೋರುವ ಎಚ್ಚರ ಮಕ್ಕಳ ಜೀವಕ್ಕೆ ಸಂಬಂಧಿಸಿದ ಸುದ್ದಿಗೆ ಬೇಡವೇ?

1998ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನವೊಂದು ಬಂತು. ದಡಾರ, ಅಂದರೆ ನಮ್ಮ ಕಡೆಯವರು ‘ಗೊಬ್ಬರ’ ಎನ್ನುವ ರೋಗವನ್ನು ತಡೆಯುವ ಎಂ.ಎಂ.ಆರ್. ಲಸಿಕೆಗೂ ಮಕ್ಕಳ ಆಟಿಸಂಗೂ ನಂಟಿದೆಯೆಂಬ ಭಯ ಅದರಿಂದ ಜಗತ್ತಿಗೆ ಹಬ್ಬಿತು. ಅವರು ನೋಡಿದ ಮಕ್ಕಳೆಷ್ಟು? ಕೇವಲ 12. ಲಸಿಕೆ ಪಡೆಯದ ಮಕ್ಕಳೊಡನೆ ಹೋಲಿಸಿದರೇ? ಇಲ್ಲ. ಹಣ ಯಾರದು? ಲಸಿಕೆ ಕಂಪನಿಗಳ ವಿರುದ್ಧ ದಾವೆ ಹೂಡಲು ಹೊರಟಿದ್ದ ವಕೀಲರ ಮೂಲಕ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತೆಂಬುದು ಬಳಿಕ ಬಯಲಾಯಿತು. 2010ರಲ್ಲಿ ಪತ್ರಿಕೆಯು ಲೇಖನವನ್ನು ಹಿಂತೆಗೆದುಕೊಂಡಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವು 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿಯೂ ಅಂಥ ನಂಟನ್ನು ಕಾಣಲಿಲ್ಲ. ಆದರೆ ಲಸಿಕೆಯ ಭಯ ಲೇಖನದೊಂದಿಗೆ ಹಿಂದಿರುಗಲಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ವಾಟ್ಸ್‌ಆ್ಯಪ್‌ನಲ್ಲಿ ನಾನಾ ವದಂತಿಗಳು ಹರಿದಾಡಿ ಅನೇಕ ಪಾಲಕರು ಹಿಂಜರಿದರು.

ಮಾತು ಇಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. ಆದರೆ 2022ರ ಜನವರಿಯಲ್ಲಿ ನಮ್ಮ ರಾಮದುರ್ಗ ತಾಲೂಕಿನಲ್ಲೇ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ಆ ತಾಯಂದಿರ ಮುಂದೆ ಅಂಕಿಸಂಖ್ಯೆ ಹಿಡಿದು ನಿಲ್ಲುವ ಧೈರ್ಯ ಯಾರಿಗಿದೆ? ಅವರ ಅಳಲನ್ನು ವದಂತಿಯೆಂದು ತಳ್ಳಿಹಾಕುವುದು ಪಾಪ. ಆದರೂ ದಾನಿಯೇಲನ ಪ್ರಶ್ನೆ ಇಲ್ಲಿಯೂ ಬೇಕು: ಕೇಡು ಲಸಿಕೆಯದೋ, ಅದನ್ನು ಇಟ್ಟು ಬಳಸಿದ ರೀತಿಯದೋ? ಲಸಿಕೆಯ ಸೀಸೆಗಳನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದುದನ್ನು ಪತ್ರಿಕೆಗಳು ವರದಿ ಮಾಡಿದವು. ಈ ಲಸಿಕೆ ಪುಡಿಯಾಗಿ ಬರುತ್ತದೆ. ದ್ರವ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಬಿಸಾಡಬೇಕು. ಇಲ್ಲವಾದರೆ ಅದರಲ್ಲಿ ರೋಗಾಣು ಬೆಳೆದು ಜೀವಕ್ಕೇ ಅಪಾಯವಾಗಬಹುದು. ವಿಚಾರಿಸದೆ ‘ಲಸಿಕೆಯೇ ವಿಷ’ ಎಂದರೆ ಮುಂದಿನ ಮಗು ದಡಾರಕ್ಕೆ ಬಲಿಯಾದೀತು. ವಿಚಾರಿಸದೆ ‘ಎಲ್ಲ ಸರಿಯಾಗಿದೆ’ ಎಂದರೆ ಮುಂದಿನ ಸೀಸೆಯೂ ಇಡಬಾರದಲ್ಲಿ ಇದ್ದೀತು.

ಹೀಗೆ ಪ್ರಶ್ನಿಸುವುದು ವಿಶ್ವಾಸಕ್ಕೆ ವಿರುದ್ಧವೇ? ಧರ್ಮಸಭೆಯ ನಡತೆಯೇ ಇದಕ್ಕೆ ಉತ್ತರ. ಮಾತೆ ಮರಿಯಮ್ಮನವರು 1858ರಲ್ಲಿ ದರ್ಶನವಿತ್ತ ಲೂರ್ದಿನಲ್ಲಿ ತಾವು ಗುಣವಾದೆವೆಂದು ಇದುವರೆಗೆ 7,000ಕ್ಕೂ ಹೆಚ್ಚು ಮಂದಿ ತಿಳಿಸಿದ್ದಾರೆ. 1883ರಿಂದ ಅಲ್ಲಿ ವೈದ್ಯರ ಕಚೇರಿಯೊಂದು ಇಂಥವನ್ನು ಪರಿಶೀಲಿಸುತ್ತಿದೆ. ಅದ್ಭುತವೆಂದು ಧರ್ಮಸಭೆ ಒಪ್ಪಿಕೊಂಡದ್ದು ಎಪ್ಪತ್ತಕ್ಕಿಂತ ತುಸು ಹೆಚ್ಚನ್ನು ಮಾತ್ರ. ತನಗೆ ಹಿತವಾದ ಸುದ್ದಿಯನ್ನೂ ಅದು ಹೀಗೆ ಸೋಸುತ್ತದೆ. ನಾವಾದರೋ ಒಲ್ಲದ ಸುದ್ದಿಗೆ ನೂರು ಪ್ರಶ್ನೆ ಹಾಕುತ್ತೇವೆ, ಮನಸ್ಸಿಗೊಪ್ಪಿದ ಸುದ್ದಿಗೆ ಒಂದನ್ನೂ ಹಾಕುವುದಿಲ್ಲ. ಇದು ಸಂಶಯವಲ್ಲ, ಪಕ್ಷಪಾತ.

ಆದ್ದರಿಂದ ಪ್ರಿಯರೇ, ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಮನೆಮಂದಿ ಕೂಡಿ ಕೇಳಿಕೊಳ್ಳಿರಿ: ಎಷ್ಟು ಜನರನ್ನು ನೋಡಿದರು? ಯಾರೊಡನೆ ಹೋಲಿಸಿದರು? ಹಣ ಕೊಟ್ಟವರಾರು? ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲ ಬಂತೇ? ಉತ್ತರ ಸಿಗುವವರೆಗೆ ಆ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸಬೇಡಿರಿ. ಸುಳ್ಳುಸಾಕ್ಷಿಯ ವಿರುದ್ಧವಿರುವ ಎಂಟನೆಯ ಆಜ್ಞೆ ಮೊಬೈಲಿಗೂ ಅನ್ವಯಿಸುತ್ತದೆ. ಒಂಬತ್ತು ತಿಂಗಳು ತುಂಬಿದ ಕೂಸಿಗೆ ಲಸಿಕೆಯನ್ನು ತಪ್ಪದೆ ಹಾಕಿಸಿರಿ. ಹಾಕಿಸುವಾಗ ವಿನಯದಿಂದ, ಆದರೆ ಅಂಜದೆ, “ಅಕ್ಕಾರ, ಈ ಸೀಸೆ ಎಷ್ಟು ಗಂಟೆಗೆ ತೆರೆದದ್ದು?” ಎಂದು ಕೇಳಿರಿ. ಒಳ್ಳೆಯ ದಾದಿ ಅದಕ್ಕೆ ಸಿಟ್ಟಾಗುವುದಿಲ್ಲ. ಒಂದು ಪ್ರಶ್ನೆಯಿಂದ ಸುಸನ್ನಳ ಜೀವ ಉಳಿಯಿತು. ನಮ್ಮ ಪ್ರಶ್ನೆಯಿಂದ ಒಂದು ಕೂಸಿನ ಜೀವ ಉಳಿದೀತು.

ಪವಿತ್ರಾತ್ಮರು ನಮಗೆಲ್ಲರಿಗೂ ವಿವೇಕದ ವರವನ್ನು ದಯಪಾಲಿಸಲಿ.