ಹುಳುವಿಗೊಂದು ಎಲೆ

ಚಿಟ್ಟೆಯನ್ನು ಕಂಡು ಸಂತೋಷಪಡದವರು ವಿರಳ; ಹುಳುವನ್ನು ಕಂಡು ಮುಖ ಸಿಂಡರಿಸದವರು ಇನ್ನೂ ವಿರಳ. ಎರಡೂ ಒಂದೇ ಜೀವವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನಮ್ಮ ನಡತೆ ಬೇರೆಯಾಗಿರುವುದು ನ್ಯಾಯವೇ? ಈ ಪ್ರಶ್ನೆ ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಎದ್ದಿತು.

ಅಲ್ಲಿ ಕುಂಡದಲ್ಲೊಂದು ನಿಂಬೆಗಿಡವಿದೆ. ಅದರ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮೂರು ಪುಟ್ಟ ಹುಳುಗಳಿದ್ದವು. ಕೆಲವು ದಿನಗಳಲ್ಲಿ ಅವು ದಪ್ಪನೆಯ ಹಸಿರು ಹುಳುಗಳಾದವು. ಕಂಬಳಿಹುಳುವಿನಂತೆ ಕೂದಲಿಲ್ಲ, ತುರಿಕೆಯಿಲ್ಲ. ಮುಟ್ಟಿದರೆ ಮಾತ್ರ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಬಂದು ಕಟುವಾಸನೆ ಬೀರುತ್ತದೆ. ಶತ್ರುವನ್ನು ಹೆದರಿಸಲು ಅದಕ್ಕಿರುವ ಆಯುಧ ಅದು.

“ಇವು ಗಿಡಾನ ತಿಂದು ಮುಗಸ್ತಾವ್ರೀ, ಔಷಧಿ ಹೊಡೀರಿ” ಎಂದಳು ನನ್ನ ಹೆಂಡತಿ. ಧಾರವಾಡದಲ್ಲಿ ಬಿ.ಎಸ್‌ಸಿ.ಗೆ ಪ್ರಾಣಿಶಾಸ್ತ್ರ ಓದಿದ ನನಗೆ, ನಿಂಬೆಯ ಜಾತಿಯ ಗಿಡ ತಿನ್ನುವ ಚಿಟ್ಟೆಗಳ ಮರಿಗಳಿವು ಎಂಬಷ್ಟು ತಿಳಿಯಿತು. ಯಾವ ಚಿಟ್ಟೆಯಾಗುವುದೆಂದು ಹೇಳಲಾಗಲಿಲ್ಲ. ಒಂದರ ಮರಿ ಇನ್ನೊಂದರಂತೆಯೇ ಇರುತ್ತದೆ.

ಅದೇ ವಾರ ಊರಿನಿಂದ ಅಕ್ಕನ ಫೋನು ಬಂತು. ಮಗನ ಓದು ಮುಗಿದಿದೆ, ಮುಂಬಯಿಯಲ್ಲಿ ನೌಕರಿ ಹುಡುಕುವವರೆಗೆ ನಮ್ಮಲ್ಲಿರಬಹುದೇ ಎಂದು. ನಮ್ಮದು ಒಂದು ಖೋಲಿ, ಅಡಿಗೆಮನೆ. ಮಗಳಿಗೆ ಹತ್ತನೆಯ ಇಯತ್ತೆ. “ವಿಚಾರಮಾಡಿ ಹೇಳ್ತೀನಿ ಅಕ್ಕಾ” ಎಂದುಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾನೂ ಹೀಗೆಯೇ ಬಂದವನು. ಕಲ್ಯಾಣದ ಚಾಳಿನಲ್ಲಿ ಸೋದರಮಾವನ ಮನೆಯಲ್ಲಿ ಎಂಟು ತಿಂಗಳು ಉಂಡೆ, ಮಲಗಿದೆ, ಪರೀಕ್ಷೆಗಳಿಗೆ ಕುಳಿತೆ. ನಾನು ಏನಾಗುವೆನೆಂದು ಮಾವನಿಗೂ ಗೊತ್ತಿರಲಿಲ್ಲ. ನೌಕರಿ ಹತ್ತಿದ ಮೇಲೆ ಪೇಢೆ ತಿಂದು ಬೆನ್ನು ತಟ್ಟಿದವರು ಬಹಳ. ಅದಕ್ಕೂ ಮೊದಲು ಅನ್ನ ಹಾಕಿದ ಮನೆ ಒಂದೇ.

ಹಾಗೆಂದು ಹೆಂಡತಿಯ ಮಾತು ಸುಳ್ಳಲ್ಲ. ಮೂರು ಹುಳುಗಳನ್ನು ಒಂದು ಕುಂಡದ ಗಿಡ ಸಾಕಲಾರದು. ಗಿಡ ಬೋಳಾದರೆ ಹುಳುಗಳೂ ಉಳಿಯಲಾರವು. ಕಾಡಿನಲ್ಲಿ ತಾಯಿಚಿಟ್ಟೆ ಮುಂಗಾಲುಗಳಿಂದ ಎಲೆಯ ರುಚಿ ನೋಡಿ ಇಲ್ಲೊಂದು, ಅಲ್ಲೊಂದು ಎಂದು ಒಂಟಿ ಮೊಟ್ಟೆಗಳನ್ನಿಡುತ್ತದೆ. ತಾನು ಹೂವಿನ ಮಧು ಕುಡಿಯುವುದೇ ಹೊರತು ಆ ಎಲೆ ತಿನ್ನುವುದಿಲ್ಲ. ಭಾರವನ್ನು ಹಲವು ಗಿಡಗಳು ಹಂಚಿಕೊಳ್ಳುತ್ತವೆ. ನಾವು ಅದನ್ನೇ ಮಾಡಿದೆವು: ಎರಡು ಹುಳುಗಳನ್ನು ಸೊಸಾಯಿಟಿಯ ಅಂಗಳದ ಚಕ್ಕೋತದ ಮರಕ್ಕೆ ಬಿಟ್ಟು, ಒಂದನ್ನು ನಿಂಬೆಗಿಡದಲ್ಲಿ ಉಳಿಸಿಕೊಂಡೆವು.

ಅದು ಕೋಶ ಕಟ್ಟಿತು. ಎರಡು ವಾರಗಳಾದ ಮೇಲೆ ಒಂದು ರವಿವಾರ ಬೆಳಿಗ್ಗೆ ಮಗಳು ಕೂಗಿದಳು. ಮಖಮಲ್ಲಿನಂತಹ ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ: ಬ್ಲೂ ಮಾರ್ಮನ್! ಶಾಸ್ತ್ರದಲ್ಲಿ ಪ್ಯಾಪಿಲಿಯೊ ಪಾಲಿಮ್ನೆಸ್ಟರ್. ರೆಕ್ಕೆ ಬಿಚ್ಚಿದರೆ 12ರಿಂದ 15 ಸೆಂಟಿಮೀಟರ್. ಸಹ್ಯಾದ್ರಿಯ ಮಳೆಕಾಡು ಇದಕ್ಕೆ ಬಲು ಪ್ರಿಯ. ನಮ್ಮ ಮಲೆನಾಡಿನಲ್ಲೂ ಇದೆ, ಠಾಣೆಯ ಯೇವೂರಿನ ಗುಡ್ಡಗಳಲ್ಲೂ ಇದೆ. 2015ರಲ್ಲಿ ಮಹಾರಾಷ್ಟ್ರವು ಇದನ್ನು ರಾಜ್ಯದ ಚಿಟ್ಟೆಯೆಂದು ಸಾರಿತು. ಭಾರತದಲ್ಲಿ ರಾಜ್ಯಕ್ಕೊಂದು ಚಿಟ್ಟೆಯನ್ನು ಆರಿಸಿದ್ದು ಅದೇ ಮೊದಲು. ಸರಕಾರದ ಗೌರವ ರೆಕ್ಕೆಗೆ; ಔಷಧಿಯ ಡಬ್ಬಿ ಮಾತ್ರ ಹುಳುವಿಗೆ!

ರೆಕ್ಕೆ ಒಣಗುತ್ತಲೇ ಅದು ಕಟಾಂಜನದಾಚೆ ಹಾರಿಹೋಯಿತು, ತಿರುಗಿಯೂ ನೋಡಲಿಲ್ಲ. ನೋಡಬೇಕೆಂದು ಬಯಸುವುದೂ ತಪ್ಪು. ಮಾವನ ಋಣವನ್ನು ನಾನು ಮಾವನಿಗೆ ತೀರಿಸಲಾರೆ, ಅವರು ಈಗಿಲ್ಲ. ಇಂತಹ ಋಣ ಹಿಂದಕ್ಕೆ ಸಲ್ಲುವುದಲ್ಲ, ಮುಂದಕ್ಕೆ ಸಲ್ಲುವುದು.

ಮಧ್ಯಾಹ್ನ ಹೆಂಡತಿಯೇ ಕೇಳಿದಳು: “ಅಕ್ಕಾರಿಗೆ ಏನ್ ಹೇಳಿದ್ರಿ?” ಮೂರು ತಿಂಗಳು ನಮ್ಮಲ್ಲಿ, ಆಮೇಲೆ ಮೂರು ತಿಂಗಳು ಐರೋಲಿಯ ತಮ್ಮನಲ್ಲಿ ಎಂದು ಮಾತಾಯಿತು. ಫೋನು ಎತ್ತಿ ಹುಡುಗನಿಗೆ, “ಬಾರಪ್ಪಾ” ಎಂದೆ.

ನಿಂಬೆಗಿಡ ಮತ್ತೆ ಚಿಗುರಿದೆ.